ಸಾಹಸಿ ಗೃಹಸ್ಥ ಫ. ಗು. ಹಳಕಟ್ಟಿ

ಸಾಹಸವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನರ ಕಣ್ಣೆದುರಿಗೆ ಖಡ್ಗ ಹಿಡಿದ ವೀರನೋ, ಹಡಗನ್ನೇರಿ ಸಮುದ್ರ ದಾಟಿದ ನಾವಿಕನೋ, ಇಲ್ಲವೆ ಮನೆಮಾರುಗಳನ್ನು ತೊರೆದು ಗಿರಿಗಹ್ವರವನ್ನು ಸೇರಿದ ವಿರಾಗಿಯೋ ಬಂದು ನಿಲ್ಲುವುದು ವಾಡಿಕೆಯಾಗಿದೆ. ಹೆಂಡತಿ ಮಕ್ಕಳೊಡನೆ ಒಂದೇ ಊರಿನಲ್ಲಿ ಅರುವತ್ತು ವರ್ಷ ಬಾಳಿದ ಗೃಹಸ್ಥನನ್ನು ಸಾಹಸಿಯೆಂದು ಕರೆಯಲು ನಮ್ಮ ನಾಲಗೆ ಹಿಂಜರಿಯುತ್ತದೆ. ಆದರೆ ಒಂದು ಮಾತನ್ನು ಇಲ್ಲಿ ವಿಚಾರಿಸಬೇಕು. ವಿರಕ್ತನು ತನ್ನದೆಂಬುದೆಲ್ಲವನ್ನೂ ಮೊದಲೇ ಬಿಟ್ಟವನು. ಕೈಕೊಂಡ ಕಾರ್ಯ ಕೆಟ್ಟರೆ ಅವನೊಬ್ಬನೇ ನೋಯುತ್ತಾನೆ. ಗೃಹಸ್ಥನು ಒಂದು ದೊಡ್ಡ ಕಾರ್ಯಕ್ಕೆ ತನ್ನನ್ನು ಒಡ್ಡಿಕೊಂಡಾಗ ಅವನ ಮನೆಯ ಒಲೆ, ಮಡದಿಯ ಮೈಮೇಲಿನ ಒಡವೆ, ಮಕ್ಕಳ ವಿದ್ಯಾಭ್ಯಾಸ ಎಲ್ಲವೂ ಅವನೊಡನೆ ಪಣಕ್ಕೆ ಬೀಳುತ್ತವೆ. ಈ ದೃಷ್ಟಿಯಿಂದ ನೋಡಿದರೆ ಇಪ್ಪತ್ತನೆಯ ಶತಮಾನದ ಕನ್ನಡ ನಾಡು ಕಂಡ ಮಹಾಸಾಹಸಿಗಳಲ್ಲಿ ವಿಜಯಪುರದ ವಕೀಲರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಮುಂದಿನ ಸಾಲಿನಲ್ಲಿ ನಿಲ್ಲುತ್ತಾರೆ.

ಇಂದು ವಚನ ಪಿತಾಮಹರೆಂಬ ಬಿರುದಿನಿಂದ ಅವರನ್ನು ಎಲ್ಲರೂ ಬಲ್ಲರು. ಜುಲೈ 2ರಂದು ಅವರ ಜಯಂತಿ ನಡೆಯುತ್ತದೆ; ಭಾವಚಿತ್ರಕ್ಕೆ ಹೂಮಾಲೆ ಏರುತ್ತದೆ; ಭಾಷಣಗಳಾಗುತ್ತವೆ. ಆದರೆ ಪಿತಾಮಹರೆಂಬ ಆ ದೊಡ್ಡ ಹೆಸರಿನ ಹಿಂದೆ ಮನೆಯ ಬಾಡಿಗೆ, ಕಾಗದದ ವ್ಯಾಪಾರಿಯ ಬಾಕಿ, ಚಂದಾದಾರರ ಮೌನ ಇವುಗಳ ನಡುವೆ ದಿನಗಳನ್ನು ನೂಕಿದ ಒಬ್ಬ ಸಂಸಾರಿ ಇದ್ದನೆಂಬುದನ್ನು ನಾವು ಮರೆಯುತ್ತ ಬಂದಿದ್ದೇವೆ. ಆ ಸಂಸಾರಿಯನ್ನು ಸ್ಮರಿಸುವುದು ಈ ಲೇಖನದ ಉದ್ದೇಶ.

ಹಳಕಟ್ಟಿಯವರು ಜನಿಸಿದ್ದು 1880ನೆಯ ಇಸವಿ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಗ್ರಂಥರಚನೆ ಮಾಡಿದವರು. ತಾಯಿ ದಾನಾದೇವಿ. ಮಗು ಮೂರು ವರ್ಷದ್ದಿರುವಾಗಲೇ ತಾಯಿ ಲಿಂಗೈಕ್ಯರಾದರು. ಅಜ್ಜಿಯ ಮಡಿಲಿನಲ್ಲಿ ಬಾಲಕನು ಬೆಳೆದನು. ಫಕೀರಪ್ಪ ಎಂಬ ಹೆಸರು ಇಂದಿನ ಕೆಲವರಿಗೆ ಅಚ್ಚರಿಯೆನಿಸಬಹುದು. ಉತ್ತರ ಕರ್ನಾಟಕದ ಲಿಂಗವಂತರ ಮನೆಗಳಲ್ಲಿ ಈ ಹೆಸರು ಸಹಜವಾದುದು. ಶಿರಹಟ್ಟಿಯ ಫಕೀರೇಶ್ವರ ಮಠದ ಪರಂಪರೆಯನ್ನು ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮತಮತಗಳ ನಡುವಣ ಗೋಡೆಗಳು ತೆಳುವಾಗಿದ್ದ ಒಂದು ನೆಲದ ಗುರುತು ಆ ಹೆಸರಿನಲ್ಲಿದೆ.

1896ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತರುಣ ಫಕೀರಪ್ಪನವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಅದೇ ವರ್ಷ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡು ಮುಂದೆ ಹಲವು ವರ್ಷಗಳವರೆಗೆ ಮರಳಿ ಮರಳಿ ಬಂದಿತು. ಜನ ಊರು ಬಿಟ್ಟು ಓಡುತ್ತಿದ್ದ ಕಾಲವದು. ಅಂಥ ನಗರದಲ್ಲಿದ್ದುಕೊಂಡು ಅವರು ಬಿ.ಎ. ಪದವಿಯನ್ನೂ, 1904ರಲ್ಲಿ ಎಲ್‌ಎಲ್.ಬಿ. ಪದವಿಯನ್ನೂ ಸಂಪಾದಿಸಿದರು. ಮುಂದೆ ಕರ್ನಾಟಕದ ಕುಲಪುರೋಹಿತರೆನಿಸಿದ ಆಲೂರ ವೆಂಕಟರಾಯರ ಸ್ನೇಹ ದೊರೆತುದು ಆ ವಿದ್ಯಾರ್ಥಿದೆಸೆಯಲ್ಲಿಯೇ. ಮರಾಠಿ ಹಾಗೂ ಗುಜರಾತಿ ವಿದ್ಯಾರ್ಥಿಗಳು ತಂತಮ್ಮ ಭಾಷೆಯ ಬಗೆಗೆ ತಳೆದಿದ್ದ ಅಭಿಮಾನವನ್ನು ಈ ಕನ್ನಡಿಗ ತರುಣರು ದಿನನಿತ್ಯ ನೋಡಿದರು. ಕನ್ನಡಕ್ಕೆ ಅಂಥ ಅಭಿಮಾನದ ಆಸರೆ ಇಲ್ಲದಿರುವುದನ್ನು ಕಂಡು ಮರುಗಿದರು. ಆ ಮರುಕದಿಂದ ಆಲೂರರು ನಾಡಿನ ಏಕೀಕರಣದ ಕಡೆಗೆ ನಡೆದರು. ಹಳಕಟ್ಟಿಯವರನ್ನು ಅದೇ ಮರುಕವು ಓಲೆಗರಿಯ ಕಟ್ಟುಗಳ ಬಳಿಗೆ ಕರೆದೊಯ್ದಿತು.

ಬೆಳಗಾವಿಯ ಹೆಸರಾಂತ ವಕೀಲರೂ ಲೇಖಕರೂ ಆಗಿದ್ದ ತಮ್ಮಣ್ಣಪ್ಪ ಚಿಕ್ಕೋಡಿಯವರ ಮಗಳು ಭಾಗೀರಥಿಬಾಯಿಯವರು ಹಳಕಟ್ಟಿಯವರ ಧರ್ಮಪತ್ನಿ. ಬೆಳಗಾವಿಯಲ್ಲಿ ಸ್ವಲ್ಪ ಕಾಲ ವಕೀಲಿ ನಡೆಸಿ ಹಳಕಟ್ಟಿಯವರು ವಿಜಾಪುರಕ್ಕೆ ಬಂದು ನೆಲೆಸಿದರು. ಆಗ ಅವರಿಗೆ ಇಪ್ಪತ್ತನಾಲ್ಕರ ಪ್ರಾಯ. ವಿಜಾಪುರವೆಂದರೆ ಮಳೆ ನೆಚ್ಚಿ ಬದುಕುವ ಬರಗಾಲದ ಜಿಲ್ಲೆ. 1876ರಿಂದ 1878ರವರೆಗಿನ ಘೋರ ಕ್ಷಾಮದ ನೆನಪು ಹಿರಿಯರ ಮನಸ್ಸಿನಿಂದ ಇನ್ನೂ ಮಾಸಿರಲಿಲ್ಲ. ಆದರೂ ಕೋರ್ಟುಕಚೇರಿಗಳಿದ್ದ ಜಿಲ್ಲಾಕೇಂದ್ರದಲ್ಲಿ ಇಂಗ್ಲಿಷ್ ಬಲ್ಲ ಚತುರ ವಕೀಲನಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ. ವೃತ್ತಿಯು ಕೈಹತ್ತಿತು, ಹೆಸರು ಬಂದಿತು. ಮುಂದೆ ಅವರು ಸರಕಾರಿ ವಕೀಲರೂ, ಮುಂಬಯಿ ಶಾಸನ ಪರಿಷತ್ತಿನ ಸದಸ್ಯರೂ ಆದರು. ರಾವ್ ಸಾಹೇಬ, ರಾವ್ ಬಹದ್ದೂರ್ ಎಂಬ ಬಿರುದುಗಳನ್ನು ಸರಕಾರವು ಕೊಟ್ಟಿತು. ಇಷ್ಟಕ್ಕೇ ನಿಂತಿದ್ದರೆ ಅವರ ಸಂಸಾರವು ಸುಖಸಂಸಾರವಾಗಿ, ಅವರ ಹೆಸರು ಎರಡನೆಯ ತಲೆಮಾರಿಗೆ ಮರೆತುಹೋಗುತ್ತಿತ್ತು.

ವಕೀಲಿಯೊಡನೆಯೇ ಅವರು ಊರಿನ ಕೆಲಸಕ್ಕೂ ಕೈಹಾಕಿದರು. 1910ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಬಿ.ಎಲ್.ಡಿ.ಇ. ಎಂದು ಪ್ರಸಿದ್ಧವಾಗಿರುವ ವಿಜಾಪುರ ಜಿಲ್ಲಾ ಲಿಂಗಾಯತ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದ್ದು 1916ರಲ್ಲಿ ಎಂಬುದನ್ನು ನೆನೆದರೆ ಹಳಕಟ್ಟಿಯವರ ಮುಂದಾಲೋಚನೆ ವಿಶದವಾಗುತ್ತದೆ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಗದಗ ಪ್ರಾಂತದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ಹುಟ್ಟುಹಾಕಿ ಏಳು ವರ್ಷಗಳಷ್ಟೇ ಆಗಿದ್ದವು. ಸಾಹುಕಾರನ ಬಡ್ಡಿಯಲ್ಲಿ ಬೆಂದ ಒಕ್ಕಲಿಗನಿಗೂ ಸಣ್ಣ ವ್ಯಾಪಾರಿಗೂ ಸಾಲ ಸಿಗಬೇಕೆಂಬುದು ಅಲ್ಲಿನ ಉದ್ದೇಶ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರನು ವಿಜಾಪುರದ ಊರದೇವರು. ಜನೋಪಯೋಗದ ಸಂಸ್ಥೆಗೆ ಆ ಕರ್ಮಯೋಗಿಯ ಹೆಸರು ಒಪ್ಪುವಂತಹುದು.

ಇವೆಲ್ಲವೂ ಒಬ್ಬ ಸಮರ್ಥ ನಾಗರಿಕನು ಮಾಡಬಹುದಾದ ಕೆಲಸಗಳು. ಇವುಗಳಿಂದ ಮನೆಗೆ ನಷ್ಟವಿಲ್ಲ. ಊರಿನಲ್ಲಿ ಗೌರವವೂ ಉಂಟು. ಹಳಕಟ್ಟಿಯವರ ನಿಜವಾದ ಸಾಹಸವು ಬೇರೊಂದು ಕಡೆ ಮೊಳೆಯುತ್ತಿತ್ತು. ಶತಮಾನದ ಮೊದಲ ವರ್ಷಗಳಲ್ಲಿಯೇ ರಬಕವಿ-ಬನಹಟ್ಟಿಯ ಕಡೆಗೆ ಹೋದಾಗ ಅಲ್ಲಿಯ ಒಂದು ಮನೆಯಲ್ಲಿ ವಚನಗಳ ಓಲೆಗರಿಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದಿದ್ದವು. ಮನೆಯವರ ಪಾಲಿಗೆ ಅವು ಪೂಜೆಯ ವಸ್ತು. ತರುಣ ವಕೀಲರು ಆ ಗರಿಗಳನ್ನು ಓದಿ ನೋಡಿದರು. ಓದಿದಂತೆ ಅವರಿಗೆ ಒಂದು ಸಂಗತಿ ಹೊಳೆಯಿತು: ಇವು ಮಂತ್ರಗಳಲ್ಲ, ತಮ್ಮ ತಾಯ್ನುಡಿಯಲ್ಲಿ ಆಡಿದ ಮಾತುಗಳು, ಇವನ್ನಾಡಿದವರಲ್ಲಿ ಅಂಬಿಗನಿದ್ದಾನೆ, ಮಡಿವಾಳನಿದ್ದಾನೆ, ಹಗ್ಗ ಹೊಸೆಯುವವನಿದ್ದಾನೆ, ಅಕ್ಕಿಯಾಯುವ ಹೆಣ್ಣುಮಗಳಿದ್ದಾಳೆ. ಇಂಥ ಮಾತುಗಳು ಅರಿವೆಯ ಗಂಟಿನೊಳಗೆ ಹುಳುಗಳ ಪಾಲಾಗುತ್ತಿವೆ ಎಂಬ ಅರಿವು ಅವರನ್ನು ಮುಂದೆ ನೆಮ್ಮದಿಯಾಗಿ ನಿದ್ರಿಸಗೊಡಲಿಲ್ಲ.

ಆ ಕಾಲಕ್ಕೆ ವಚನಗಳು ಅಚ್ಚಾಗಿರಲಿಲ್ಲವೆಂದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೆಲವು ಸಂಕಲನಗಳು ಬೆಳಕು ಕಂಡಿದ್ದವು. ಮೈಸೂರಿನ ಕರಿಬಸವಶಾಸ್ತ್ರಿಗಳಂಥ ಪಂಡಿತರು ವೀರಶೈವ ಗ್ರಂಥಗಳನ್ನು ಮುದ್ರಿಸುತ್ತಿದ್ದರು. ಇತ್ತ ಹಾನಗಲ್ಲ ಕುಮಾರ ಮಹಾಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿ ಅಲ್ಲಿ ತಾಡೋಲೆಗಳ ಸಂಗ್ರಹಕ್ಕೂ ಅವಕಾಶ ಕಲ್ಪಿಸಿದ್ದರು. ಆದರೆ ನಾಡಿನಲ್ಲಿ ಹರಡಿಹೋದ ವಚನರಾಶಿಯನ್ನು ಊರೂರು ಅಲೆದು ಕೂಡಿಹಾಕಿ, ತಾಳೆನೋಡಿ, ಸಾಮಾನ್ಯ ಓದುಗನ ಕೈಗೆ ಕೊಡುವ ಕಾರ್ಯವನ್ನು ಜೀವನದ ಏಕೈಕ ವ್ರತವನ್ನಾಗಿ ಮಾಡಿಕೊಂಡವರು ಹಳಕಟ್ಟಿಯವರು. ಅವರು ಕೆಲಸಕ್ಕೆ ತೊಡಗಿದಾಗ ವಿದ್ವಾಂಸರಿಗೆ ತಿಳಿದಿದ್ದ ವಚನಕಾರರ ಸಂಖ್ಯೆ ಸುಮಾರು 50. ಅವರ ಶೋಧನೆಯಿಂದ ಅದು 250ನ್ನು ಮೀರಿತು. ಇನ್ನೂರು ಮಂದಿ ಶರಣಶರಣೆಯರು ಮರೆವಿನ ಕತ್ತಲೆಯಿಂದ ಎದ್ದು ಬಂದು ತಮ್ಮ ಮಾತನ್ನು ತಾವೇ ಹೇಳುವಂತಾಯಿತೆಂದರೆ ಅದು ಸಾಮಾನ್ಯವಾದ ಘಟನೆಯೇ?

ಈ ಕೆಲಸದ ಕಷ್ಟವೇನೆಂಬುದನ್ನು ಓಲೆಗರಿಯನ್ನು ಕೈಯಲ್ಲಿ ಹಿಡಿಯದವರಿಗೆ ತುಸು ವಿವರಿಸಬೇಕು. ತಾಳೆಯ ಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳಲ್ಲಿ ಪದಗಳ ನಡುವೆ ಬಿಡುವಿರುವುದಿಲ್ಲ. ಮಸಿ ಸವರಿದಾಗಲೇ ಅಕ್ಷರ ಕಣ್ಣಿಗೆ ಕಾಣುತ್ತದೆ. ಗರಿ ಒಣಗಿದ್ದರೆ ಕೈ ಸೋಕಿದೊಡನೆ ಚೂರಾಗುತ್ತದೆ. ದಾರ ಹರಿದಿದ್ದರೆ ಗರಿಗಳ ಅನುಕ್ರಮ ತಪ್ಪಿರುತ್ತದೆ. ಷಟ್ಪದಿಯಾಗಲಿ ಕಂದವಾಗಲಿ ಆಗಿದ್ದರೆ ಮಾತ್ರೆಯನ್ನೆಣಿಸಿ ಲಿಪಿಕಾರನ ತಪ್ಪನ್ನು ಹಿಡಿಯಬಹುದು. ವಚನಕ್ಕೆ ಛಂದಸ್ಸಿನ ಆ ಕಾವಲಿಲ್ಲ. ಒಂದು ಮಾತು ಬಿಟ್ಟುಹೋದರೂ ಇನ್ನೊಂದು ಸೇರಿಕೊಂಡರೂ ಕಿವಿಗೆ ತಿಳಿಯದು. ಯಾರ ವಚನವೆಂಬುದನ್ನು ಹೇಳುವುದು ಕೊನೆಗೆ ಬರುವ ಅಂಕಿತವೊಂದೇ. ಅದನ್ನಾದರೂ ಲಿಪಿಕಾರನು ಕೆಲವೆಡೆ ತಪ್ಪಾಗಿ ಬರೆದಿರುತ್ತಾನೆ. ಆದುದರಿಂದ ಒಂದೇ ಕೃತಿಯ ಹಲವು ಪ್ರತಿಗಳನ್ನು ದೊರಕಿಸಿ ಸಾಲುಸಾಲಾಗಿ ಒಂದನ್ನೊಂದಕ್ಕೆ ಹೋಲಿಸಿ ನೋಡುವುದು ಅನಿವಾರ್ಯವಾಗುತ್ತದೆ. ಛಾಯಾಪ್ರತಿಯ ಯಂತ್ರಗಳಿಲ್ಲದ ಕಾಲದಲ್ಲಿ ಪ್ರತಿಯೊಂದನ್ನೂ ಕೈಯಿಂದಲೇ ನಕಲು ಮಾಡಬೇಕಾಗಿತ್ತು.

ಇನ್ನು ಗರಿಗಳನ್ನು ದೊರಕಿಸುವುದೇ ಒಂದು ತಪಸ್ಸು. ಮಠದ ಜಗಲಿಯ ಮೇಲೆ, ಮನೆಯ ದೇವರ ಮಾಡದಲ್ಲಿ ಇಟ್ಟ ಕಟ್ಟನ್ನು ಹೊರಗೆ ಕೊಡಲು ಜನ ಅಂಜುತ್ತಿದ್ದರು. ಪೂರ್ವಜರು ಪೂಜಿಸಿದ ವಸ್ತು ಮನೆಯ ಹೊಸ್ತಿಲು ದಾಟಿದರೆ ಕೇಡಾದೀತೆಂಬ ಭಯ ಒಂದೆಡೆ. ಕೊಂಡೊಯ್ದವನು ಮರಳಿ ಕೊಡುವನೆಂಬ ಭರವಸೆ ಇಲ್ಲದಿರುವುದು ಇನ್ನೊಂದೆಡೆ. ಈ ಅಂಜಿಕೆಯನ್ನು ಹೀಗಳೆಯಲಾಗದು. ಆ ಭಕ್ತಿ ಇಲ್ಲದಿದ್ದರೆ ಗರಿಗಳು ಎಂಟು ನೂರು ವರ್ಷಗಳ ನಕಲಿನ ಪರಂಪರೆಯಲ್ಲಿ ಉಳಿದು ಬರುತ್ತಲೇ ಇರಲಿಲ್ಲ. ಆದರೆ ಉಳಿಸಿದ ಆ ಭಕ್ತಿಯೇ ಓದಿಗೆ ಅಡ್ಡಿಯೂ ಆಯಿತು. ಗಂಧ ಅಕ್ಷತೆಗಳನ್ನು ಕಂಡ ಗರಿಗಳು ಓದುವ ಕಣ್ಣುಗಳನ್ನು ಕಾಣದೆ ಹೋದವು. ಹಳಕಟ್ಟಿಯವರು ಜನರ ಭಕ್ತಿಯನ್ನು ನೋಯಿಸದೆ, ಬೇಡಿ, ಒಲಿಸಿ, ಕೆಲವೆಡೆ ಅಲ್ಲಿಯೇ ಕುಳಿತು ನಕಲು ಮಾಡಿ, ಗರಿಗಳನ್ನು ಪೂಜೆಯ ಮಾಡದಿಂದ ಓದಿನ ಮೇಜಿಗೆ ತಂದರು. ಸಾಕ್ಷಿಯನ್ನು ಪರೀಕ್ಷಿಸಿ ಬಲ್ಲ ವಕೀಲನ ಬುದ್ಧಿಯೂ ಶರಣರಲ್ಲಿ ನಂಬಿಗೆಯಿಟ್ಟ ಭಕ್ತನ ಹೃದಯವೂ ಒಂದೆಡೆ ಕೂಡಿದ್ದರಿಂದ ಇದು ಸಾಧ್ಯವಾಯಿತು.

ಹೀಗೆ ಕೂಡಿಸಿದ ವಚನಗಳನ್ನು ವಿಷಯಾನುಸಾರವಾಗಿ ಜೋಡಿಸಿ ಅವರು ಸಿದ್ಧಪಡಿಸಿದ ಮೊದಲ ಮಹಾಗ್ರಂಥ ‘ವಚನಶಾಸ್ತ್ರಸಾರ’. ಮುದ್ರಣಕ್ಕಾಗಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿದರು. ಕನ್ನಡ ಮುದ್ರಣದಲ್ಲಿ ಆ ಕಾಲಕ್ಕೆ ಹೆಸರಾದ ಸಂಸ್ಥೆಯದು. ಹಸ್ತಪ್ರತಿ ಮುದ್ರಣವಾಗದೆ ಹಿಂದಿರುಗಿತು. ಎದೆಗುಂದದೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚುಹಾಕಿಸಿ 1923ರಲ್ಲಿ ಮೊದಲನೆಯ ಭಾಗವನ್ನು ಹೊರತಂದರು. ಆಗ ಅವರ ವಯಸ್ಸು 43. ಕನ್ನಡ ಗದ್ಯದ ಬಗೆಗೆ, ಹನ್ನೆರಡನೆಯ ಶತಮಾನದ ಸಮಾಜದ ಬಗೆಗೆ ವಿದ್ವಾಂಸರು ಅದುವರೆಗೆ ತಳೆದಿದ್ದ ಕಲ್ಪನೆಗಳನ್ನು ಆ ಗ್ರಂಥವು ಬದಲಿಸಿತು. ಕನ್ನಡ ಬಾರದವರಿಗೂ ತಿಳಿಯಲೆಂದು ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ಅನುವಾದಿಸಿ ‘ಇಂಡಿಯನ್ ಆ್ಯಂಟಿಕ್ವರಿ’ ಪತ್ರಿಕೆಯಲ್ಲಿಯೂ ಅವರು ಪ್ರಕಟಿಸಿದ್ದರು.

ಅನ್ಯರ ಮುದ್ರಣಾಲಯವನ್ನು ನೆಚ್ಚಿ ಈ ಕಾರ್ಯ ಸಾಗದೆಂಬುದು ಅವರಿಗೆ ಮನವರಿಕೆಯಾಯಿತು. ಇಲ್ಲಿಂದಲೇ ಸಂಸಾರಿಯ ಸಾಹಸ ಆರಂಭವಾಗುತ್ತದೆ. 1925ರಲ್ಲಿ ಅವರು ವಿಜಾಪುರದಲ್ಲಿ ಸ್ವಂತ ಮುದ್ರಣಾಲಯವನ್ನು ತೆರೆದು ಅದಕ್ಕೆ ‘ಹಿತಚಿಂತಕ’ ಎಂದು ಹೆಸರಿಟ್ಟರು. ಅದರ ಬಂಡವಾಳಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಕನ್ನಡದ ಅಚ್ಚುಮೊಳೆಗಳೆಂದರೆ ಕಾಗುಣಿತ, ಒತ್ತಕ್ಷರಗಳೆಂದು ನೂರಾರು ಬಗೆ; ಅವನ್ನು ಕೊಳ್ಳಬೇಕು, ಸವೆದರೆ ಬದಲಿಸಬೇಕು. ಮೊಳೆ ಜೋಡಿಸುವವರಿಗೆ ಸಂಬಳ ಕೊಡಬೇಕು. ಕಾಗದ ತರಿಸಬೇಕು. ಕರಡು ತಿದ್ದಬೇಕು. ಅಚ್ಚಾದ ಪುಸ್ತಕವನ್ನು ಹೊಲಿದು ಅಂಚೆಗೆ ಹಾಕಿ, ಹಣ ಬರುವುದನ್ನು ಕಾಯಬೇಕು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ 1927ರಲ್ಲಿ ‘ನವ ಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. ‘ಶಿವಾನುಭವ’ವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಗೂಳೂರು ಸಿದ್ಧವೀರಣಾಚಾರ್ಯನ ‘ಶೂನ್ಯಸಂಪಾದನೆ’ 1930ರಲ್ಲಿ ಅವರಿಂದಲೇ ಬೆಳಕು ಕಂಡಿತು. ಹರಿಹರನ ರಗಳೆಗಳು, ಶರಣಚರಿತ್ರೆಗಳು, ವಚನಕಾರರ ಬಿಡಿ ಬಿಡಿ ಸಂಕಲನಗಳು ಒಂದರ ಹಿಂದೊಂದರಂತೆ ಬಂದವು.

1926ರಲ್ಲಿ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿ ಗೌರವಿಸಿತು. ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ ಗೋಲಗುಮ್ಮಟವನ್ನು ನೋಡಲು ಕರೆದವರಿಗೆ, ಮೊದಲು ಈ ಊರಿನ ವಚನಗುಮ್ಮಟವನ್ನು ನೋಡೋಣವೆಂದು ಹೇಳಿ ಹಳಕಟ್ಟಿಯವರ ಮನೆಗೆ ನಡೆದರೆಂಬುದು ನಾಡಿನಲ್ಲೆಲ್ಲ ಪ್ರಚಲಿತವಾದ ಮಾತು. ಮಹಮ್ಮದ್ ಆದಿಲಶಾಹನ ಗುಮ್ಮಟಕ್ಕೆ ರಾಜ್ಯದ ಬೊಕ್ಕಸವಿತ್ತು. ಹಳಕಟ್ಟಿಯವರ ಗುಮ್ಮಟಕ್ಕೆ ಒಬ್ಬ ವಕೀಲನ ಗಳಿಕೆಯಷ್ಟೇ ಇದ್ದಿತು. ಅದೂ ದಿನದಿನಕ್ಕೆ ಕುಗ್ಗುತ್ತ ಬಂದಿತು. ಏಕೆಂದರೆ ಓಲೆಗರಿಗೆ ಕೊಟ್ಟ ಹೊತ್ತು ಕಕ್ಷಿಗಾರನಿಗೆ ದೊರೆಯುವುದಿಲ್ಲ. ವಕೀಲಿ ಹಿಂದೆ ಬಿದ್ದಿತು. ಮುದ್ರಣಾಲಯವು ಗಳಿಸುವುದಕ್ಕಿಂತ ಹೆಚ್ಚು ನುಂಗಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಕಾಗದ ದುರ್ಲಭವಾಯಿತು, ಬೆಲೆ ಏರಿತು. ಬಾಡಿಗೆಯ ಮನೆಯಲ್ಲಿ ಸಂಸಾರ, ಓಡಾಟಕ್ಕೆ ಸೈಕಲ್ಲು, ಮೈಮೇಲೆ ಹಳೆಯ ಕೋಟು: ಮುಪ್ಪಿನ ಹಳಕಟ್ಟಿಯವರನ್ನು ಕಂಡವರು ಮುಂದಿನವರಿಗೆ ಹೇಳಿಹೋದ ಚಿತ್ರವಿದು.

ಇಲ್ಲಿ ಒಂದು ಪ್ರಶ್ನೆಯನ್ನು ಮುಚ್ಚಿಡದೆ ಎತ್ತಬೇಕಾಗಿದೆ. ತನ್ನ ಸುಖವನ್ನು ಬಿಡುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಹೆಂಡತಿ ಮಕ್ಕಳ ನೆರಳಾದ ಮನೆಯನ್ನು ಮಾರುವ ಹಕ್ಕು ಗೃಹಸ್ಥನಿಗೆ ಎಲ್ಲಿಯದು? ಶರಣಧರ್ಮವು ಸಂಸಾರವನ್ನು ಹೀನವೆಂದು ಬಗೆದುದಲ್ಲ. ಬಸವಣ್ಣನವರು ಸ್ವತಃ ಗೃಹಸ್ಥರು. ಕಲ್ಯಾಣದ ಭಂಡಾರದ ಹೊಣೆ ಹೊತ್ತವರು. ಗಂಗಾಂಬಿಕೆ ನೀಲಾಂಬಿಕೆಯರು ಅವರ ಸಾಧನೆಯಲ್ಲಿ ಸಹಭಾಗಿಗಳು. ಮೋಳಿಗೆಯ ಮಾರಯ್ಯ ಮಹಾದೇವಿಯರು, ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರು ಸತಿಪತಿಗಳು ಕೂಡಿ ಮಾಡಿದ ಕಾಯಕಕ್ಕೆ ನಿದರ್ಶನವಾದವರು. ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳದೆ ಮರಳಿ ಸುರಿದು ಬರುವಂತೆ ಕಳುಹಿದ ಪ್ರಸಂಗವು ನಮ್ಮ ಮಕ್ಕಳಿಗೂ ಗೊತ್ತು. ಆ ಮನೆಯಲ್ಲಿ ಹೆಚ್ಚಾಯಿತೆಂದು ತಡೆದ ಮಾತು ಹೆಂಡತಿಯದು. ಹಾಗಾದರೆ ಕಡಿಮೆಯಾದಾಗ ತಡೆಯುವ ಅಧಿಕಾರವೂ ಆಕೆಗೆ ಉಂಟಲ್ಲವೆ? ಹಳಕಟ್ಟಿಯವರ ಮನೆಯಲ್ಲಿ ಅಕ್ಕಿ ಕಡಿಮೆಯಾದ ದಿನಗಳಲ್ಲಿ ಭಾಗೀರಥಿಬಾಯಿಯವರು ಪತಿಯ ಕೈಯನ್ನು ಹಿಡಿದು ನಿಲ್ಲಿಸಿದ್ದರೆ ಅನ್ಯಾಯವೆನ್ನುವಂತಿರಲಿಲ್ಲ. ಅನುಕೂಲಸ್ಥರಾದ ವಕೀಲರ ಮನೆಯಲ್ಲಿ ಬೆಳೆದು, ವಕೀಲರ ಕೈಹಿಡಿದು, ಕೊನೆಗೆ ಮುದ್ರಣಾಲಯದ ಸಾಲದ ನೆರಳಿನಲ್ಲಿ ಮನೆ ತೂಗಿಸಬೇಕಾಗಿ ಬಂದವರು ಅವರು. ಆದರೂ ಪತ್ರಿಕೆ ನಿಲ್ಲಲಿಲ್ಲ, ಪುಸ್ತಕಗಳ ಸಾಲು ಕಡಿಯಲಿಲ್ಲ. ಆ ಮನೆ ತಾಳಿಕೊಂಡಿತೆಂದೇ ಕೆಲಸ ನಡೆಯಿತು. ವಚನಶಾಸ್ತ್ರಸಾರದ ಮುಖಪುಟದ ಮೇಲೆ ಒಬ್ಬರ ಹೆಸರಿದೆ. ಅದರ ಬೆಲೆಯನ್ನು ತೆತ್ತವರು ಒಂದು ಮನೆಯ ಎಲ್ಲರೂ. ನಮ್ಮ ಜಯಂತಿಯ ಭಾಷಣಗಳಲ್ಲಿ ಆ ತಾಯಿಯ ಹೆಸರು ಕೇಳಿಬರುವುದು ತೀರ ವಿರಳ. ಇನ್ನು ಮುಂದಾದರೂ ಕೇಳಿಬರಬೇಕು.

ಹಳಕಟ್ಟಿಯವರ ಬಡತನವನ್ನು ನಾವು ಒಡವೆಯಂತೆ ತೊಡಿಸಿ ಮೆರೆಸುವುದೂ ಸರಿಯಲ್ಲ. ಹರಿದ ಕೋಟಿನ ಕಥೆಯನ್ನು ಹೇಳಿ ಕಣ್ಣೊರಸಿಕೊಳ್ಳುವುದು ಸುಲಭ. ಆ ಕೋಟು ಹರಿದದ್ದೇಕೆ ಎಂದು ಕೇಳಿಕೊಳ್ಳುವುದು ಕಠಿನ. ಪತ್ರಿಕೆಯನ್ನು ತರಿಸಿಕೊಂಡು ಚಂದಾ ಕಳುಹದವರು ಯಾರು? ಪುಸ್ತಕವನ್ನು ಕೊಳ್ಳದೆ ಗೌರವಪ್ರತಿಗಾಗಿ ಕೈಯೊಡ್ಡಿದವರು ಯಾರು? ನಾಡಿನಲ್ಲಿ ಮಠಗಳಿಗೂ ಶ್ರೀಮಂತ ಭಕ್ತರಿಗೂ ಕೊರತೆಯಿರಲಿಲ್ಲ. ಜಾತ್ರೆಗೆ, ತೇರಿಗೆ, ದಾಸೋಹಕ್ಕೆ ಹಣ ಹರಿಯುತ್ತಿದ್ದ ಸಮಾಜದಲ್ಲಿ ಅದರ ಜೀವಾಳವಾದ ವಚನಗಳನ್ನು ಅಚ್ಚುಹಾಕಲು ಒಬ್ಬ ಗೃಹಸ್ಥನು ಮನೆ ಮಾರಬೇಕಾಯಿತು. ಇದು ಅವರ ಹಿರಿಮೆಯ ಕಥೆಯಾದಷ್ಟೇ ಸಮಾಜದ ಮೈಮರೆವಿನ ಕಥೆಯೂ ಹೌದು. ಹಿರಿಮೆಯನ್ನು ಮಾತ್ರ ಹೇಳಿ ಮೈಮರೆವನ್ನು ಬಿಟ್ಟರೆ ಇತಿಹಾಸವನ್ನು ಅರ್ಧ ಹೇಳಿದಂತಾಗುತ್ತದೆ.

ವಿದ್ವತ್ತಿನ ಒರೆಗಲ್ಲಿಗೆ ಹಚ್ಚಿದಾಗ ಅವರ ಸಂಪಾದನೆಗಳಲ್ಲಿ ಕುಂದುಗಳು ಕಾಣುವುದಿಲ್ಲವೆ? ಕಾಣುತ್ತವೆ. ಯಾವ ಪಾಠ ಯಾವ ಪ್ರತಿಯದೆಂಬ ವಿವರವನ್ನು ಇಂದಿನ ಗ್ರಂಥಸಂಪಾದನಶಾಸ್ತ್ರ ಬೇಡುವಂತೆ ಅವರು ಎಲ್ಲೆಡೆಯೂ ಕೊಡಲಿಲ್ಲ. ವಿಷಯಾನುಸಾರವಾಗಿ ವಚನಗಳನ್ನು ಹಂಚಿದುದರಿಂದ ಒಬ್ಬೊಬ್ಬ ವಚನಕಾರನ ವ್ಯಕ್ತಿತ್ವವು ಮರೆಯಾಗುವುದೂ ಉಂಟು. ಮುಂದೆ ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ ಮೊದಲಾದ ವಿದ್ವಾಂಸರು ಹೆಚ್ಚು ಪ್ರತಿಗಳನ್ನು ಪರಿಶೀಲಿಸಿ ಶಾಸ್ತ್ರೀಯವಾದ ಆವೃತ್ತಿಗಳನ್ನು ಸಿದ್ಧಪಡಿಸಿದರು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿತು. ಆದರೆ ಈ ಎಲ್ಲ ಕಟ್ಟಡಗಳಿಗೂ ತಳಪಾಯದ ಕಲ್ಲು ಹೊತ್ತವರು ಯಾರು? ಹುಳು ತಿನ್ನುತ್ತಿದ್ದ ಗರಿಯನ್ನು ಕಂಡಾಗ ಅವರ ಮುಂದಿದ್ದ ಆಯ್ಕೆಗಳು ಎರಡೇ: ಎಲ್ಲ ಪ್ರತಿಗಳೂ ದೊರೆಯುವವರೆಗೆ ಕಾಯ್ದು ನಿರ್ದೋಷವಾದ ಆವೃತ್ತಿಯನ್ನು ತರುವುದು, ಇಲ್ಲವೆ ಸಿಕ್ಕುದನ್ನು ಸಿಕ್ಕಾಗಲೇ ಅಚ್ಚಿನಲ್ಲಿ ಉಳಿಸುವುದು. ಗೆದ್ದಲು ಕಾಯುವುದಿಲ್ಲವೆಂದು ಬಲ್ಲ ಅವರು ಎರಡನೆಯದನ್ನು ಆರಿಸಿಕೊಂಡರು. ಆ ಆಯ್ಕೆಯೇ ಸರಿಯಾದುದೆಂದು ನಮ್ಮ ನಿಶ್ಚಿತ ಅಭಿಪ್ರಾಯ.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತಿತು. ಅದೇ ವರ್ಷ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಮುಂಬಯಿಯ ವಿದ್ಯಾರ್ಥಿದೆಸೆಯಲ್ಲಿ ಕಂಡ ಕನಸು ನನಸಾದುದನ್ನು ತಮ್ಮ 76ನೆಯ ವಯಸ್ಸಿನಲ್ಲಿ ಕಣ್ಣಾರೆ ನೋಡುವ ಭಾಗ್ಯ ಅವರದಾಯಿತು. 1964ನೆಯ ಇಸವಿ ಜೂನ್ 29ರಂದು, 84 ವರ್ಷ ತುಂಬಲು ಮೂರು ದಿನಗಳಷ್ಟೇ ಉಳಿದಿದ್ದಾಗ, ಅವರು ವಿಜಾಪುರದಲ್ಲಿ ಲಿಂಗೈಕ್ಯರಾದರು. ವಿಜಾಪುರವು 2014ರಲ್ಲಿ ವಿಜಯಪುರವಾಯಿತು. ಅವರು ನೆಟ್ಟ ವಿದ್ಯಾಸಂಸ್ಥೆಯು ಬಂಥನಾಳದ ಸಂಗನಬಸವ ಶಿವಯೋಗಿಗಳಂಥ ವಿರಕ್ತರ, ಉದಾರಿಗಳಾದ ಗೃಹಸ್ಥರ ಕೈಗಳಲ್ಲಿ ಬೆಳೆದು ಇಂದು ಹೆಮ್ಮರವಾಗಿದೆ. ವಿರಕ್ತನ ಜೋಳಿಗೆಯೂ ಗೃಹಸ್ಥನ ಗಳಿಕೆಯೂ ಕೂಡಿದಾಗ ಎಂಥ ಕಾರ್ಯವಾಗುತ್ತದೆಂಬುದಕ್ಕೆ ಆ ಸಂಸ್ಥೆಯೇ ಸಾಕ್ಷಿ. ವಚನ ಪ್ರಕಟನೆಯ ಕಾರ್ಯದಲ್ಲಿ ಅಂಥ ಕೂಡುವಿಕೆ ಸಕಾಲದಲ್ಲಿ ಆಗಿದ್ದರೆ ಆ ಮನೆಯನ್ನು ಮಾರುವ ಪ್ರಸಂಗ ಬರುತ್ತಿರಲಿಲ್ಲ.

ಆದುದರಿಂದ ಶರಣಬಂಧುಗಳಲ್ಲಿ ನಮ್ಮ ವಿನಂತಿ ಎರಡು. ಮೊದಲನೆಯದು: ನಮ್ಮ ಹಳ್ಳಿಗಳ ಮನೆಗಳಲ್ಲಿ, ಮಠಗಳ ಅಟ್ಟಗಳಲ್ಲಿ ಓಲೆಗರಿಯ ಕಟ್ಟುಗಳು, ಕೈಬರಹದ ಹಳೆಯ ಪುಸ್ತಕಗಳು ಇನ್ನೂ ಉಳಿದಿರುವುದುಂಟು. ಹಬ್ಬದ ದಿನ ತೆಗೆದು ವಿಭೂತಿ ಹಚ್ಚಿ ಮತ್ತೆ ಕಟ್ಟಿಡುವಾಗ ಒಮ್ಮೆ ಯೋಚಿಸಿರಿ. ಬಲ್ಲವರನ್ನು ಕರೆಸಿ ತೋರಿಸಿರಿ. ಕೊಡಲು ಮನಸ್ಸಿಲ್ಲದಿದ್ದರೆ ಛಾಯಾಚಿತ್ರ ತೆಗೆಯಿಸಿಕೊಳ್ಳಲಾದರೂ ಅವಕಾಶ ಮಾಡಿಕೊಡಿರಿ. ಈಗ ಗರಿ ಹೊಸ್ತಿಲು ದಾಟದೆಯೇ ಅದರ ಪ್ರತಿ ಸಿದ್ಧವಾಗುತ್ತದೆ, ಅಂಜಲು ಕಾರಣವಿಲ್ಲ. ಎರಡನೆಯದು: ಇಂದಿಗೂ ಸಂಬಳದ ಹಣದಲ್ಲಿ ಪುಸ್ತಕ ಅಚ್ಚುಹಾಕಿಸುವ ಶಿಕ್ಷಕರು, ರಜೆಯ ದಿನಗಳಲ್ಲಿ ಶಾಸನಗಳನ್ನು ಹುಡುಕಿ ಅಲೆಯುವ ಗುಮಾಸ್ತರು, ಊರಿನ ಚರಿತ್ರೆಯನ್ನು ಬರೆದಿಟ್ಟುಕೊಂಡು ಪ್ರಕಾಶಕರಿಲ್ಲದೆ ಕುಳಿತ ಒಕ್ಕಲಿಗರು ನಮ್ಮ ನಡುವೆ ಇದ್ದಾರೆ. ಅವರ ಮನೆಯವರ ಮುಖದ ಮೇಲಿನ ಚಿಂತೆಯನ್ನೂ ನೋಡಿರಿ. ಅವರು ಲಿಂಗೈಕ್ಯರಾದ ಮೇಲೆ ಭಾವಚಿತ್ರಕ್ಕೆ ಮಾಲೆ ಹಾಕುವುದಕ್ಕಿಂತ ಅವರು ಬದುಕಿರುವಾಗಲೇ ಒಂದು ಪುಸ್ತಕವನ್ನು ಹಣ ಕೊಟ್ಟು ಕೊಳ್ಳುವುದು ಮೇಲು. ಹಳಕಟ್ಟಿಯವರ ಶತಮಾನವು ಅವರಿಗೆ ಸಲ್ಲಿಸದೆ ಉಳಿಸಿಕೊಂಡ ಬಾಕಿಯನ್ನು ನಮ್ಮ ಕಾಲದ ಇಂಥ ಗೃಹಸ್ಥರಿಗಾದರೂ ಸಲ್ಲಿಸೋಣ.